ನಿಮಗಿದು ಗೊತ್ತೇ? ಗೋಡೆಗೆ ಕಿವಿಯಷ್ಟೇ ಅಲ್ಲ, ಮೂಗೂ ಇದೆ!

ಗೋಡೆಗೂ ಕಿವಿ ಇರುತ್ತೆ ಅಂತ ಹಿರಿಯರು ಹೇಳುತ್ತಿದ್ದರು. ಈಗ ನಿಜಕ್ಕೂ ಇದೆ! ದೊಡ್ಡ ಆಫೀಸು, ಮಾಲ್, ಆಸ್ಪತ್ರೆ, ಹೋಟೆಲ್ಲು, ಎಲ್ಲಿಗೆ ಹೋದರೂ ಛಾವಣಿಯಲ್ಲೋ ಬಾಗಿಲ ಪಕ್ಕದಲ್ಲೋ ಅಂಗೈಗಿಂತ ಚಿಕ್ಕದಾದ ಬಿಳಿ ಪೆಟ್ಟಿಗೆಗಳು ಅಂಟಿಕೊಂಡಿರುತ್ತವೆ. ಅವುಗಳಲ್ಲಿ ಎಷ್ಟೋ ವೈರ್‌ಲೆಸ್ ಸೆನ್ಸರ್‌ಗಳು. ಸೆಕೆ ಎಷ್ಟಿದೆ, ಗಾಳಿ ಹೇಗಿದೆ, ಒಳಗೆ ಯಾರಾದರೂ ಇದ್ದಾರಾ ಅಂತ ಅಳೆದು ರೇಡಿಯೋ ಅಲೆಯಲ್ಲಿ ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿಯಂತೆ ಎಸಿ, ಫ್ಯಾನು, ದೀಪ ನಡೆದುಕೊಳ್ಳುತ್ತವೆ. ಈ ಪುಟಾಣಿಗಳ ಲೋಕದಲ್ಲಿ ಎಂತೆಂಥ ಸೋಜಿಗ ಇದೆ ಬನ್ನಿ, ನೋಡೋಣ!

ಶಾಖವನ್ನು ತಾನೇ ಅಳೆದು ತಾನೇ ಹದಕ್ಕೆ ತರುವ ಮೊದಮೊದಲ ಯಂತ್ರ ಹುಟ್ಟಿದ್ದು ಯಾರಿಗಾಗಿ ಗೊತ್ತೇ? ಕೋಳಿಮರಿಗಳಿಗಾಗಿ! 17ನೇ ಶತಮಾನದ ಆರಂಭದಲ್ಲಿ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ ಸಂಶೋಧಕ ಮೊಟ್ಟೆ ಮರಿ ಮಾಡಿಸುವ ಒಲೆಯೊಂದನ್ನು ಮಾಡಿದ. ಅದರಲ್ಲಿ ಮದ್ಯಸಾರ, ಪಾದರಸ. ಬಿಸಿ ಏರಿದರೆ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು. ಅದರಿಂದ ಬೆಂಕಿಗೆ ಗಾಳಿ ಹೋಗುವ ಕಿಂಡಿ ಮುಚ್ಚಿಕೊಳ್ಳುತ್ತಿತ್ತು. ತಣ್ಣಗಾದರೆ ಕಿಂಡಿ ಮತ್ತೆ ತೆರೆಯುತ್ತಿತ್ತು. ಕರೆಂಟೇ ಇಲ್ಲದ ಕಾಲದಲ್ಲಿ ಎಂಥ ತಲೆ ನೋಡಿ!

ಕೋಣೆಯ ಥರ್ಮೋಸ್ಟಾಟ್ ಬಂದದ್ದು ಒಬ್ಬ ಮೇಷ್ಟ್ರ ಕಿರಿಕಿರಿಯಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರು. ಅಲ್ಲಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಪಾಠ ಮಾಡುತ್ತಿದ್ದರು. ಚಳಿಗಾಲದಲ್ಲಿ ಶಾಲೆಯ ಜವಾನ ಪ್ರತಿ ಕ್ಲಾಸಿಗೂ ಬಂದು ಬಿಸಿ ಎಷ್ಟಿದೆ ಅಂತ ನೋಡಿ, ನೆಲಮಾಳಿಗೆಗೆ ಇಳಿದು ಒಲೆಯ ಗಾಳಿ ಬಾಗಿಲು ಸರಿ ಮಾಡಬೇಕಿತ್ತು. ಪಾಠಕ್ಕೆ ಪದೇ ಪದೇ ಅಡ್ಡಿ! ಜಾನ್ಸನ್ ಒಂದು ಸಾಧನ ಮಾಡಿಯೇ ಬಿಟ್ಟರು. ಕೋಣೆ ತಣ್ಣಗಾದರೆ ನೆಲಮಾಳಿಗೆಯಲ್ಲಿ ಗಂಟೆ ಹೊಡೆಯುತ್ತಿತ್ತು. 1883ರಲ್ಲಿ ಪೇಟೆಂಟ್ ಸಿಕ್ಕಿತು, 1885ರಲ್ಲಿ ಕಂಪನಿ ಶುರುವಾಯಿತು. ಅದೇ ಇಂದಿನ ಜಾನ್ಸನ್ ಕಂಟ್ರೋಲ್ಸ್!

ಎಸಿ ಹುಟ್ಟಿದ್ದೂ ಮನುಷ್ಯರಿಗಾಗಿ ಅಲ್ಲ. ಕಾಗದಕ್ಕಾಗಿ! 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ತೇವ ಹಿಡಿತಕ್ಕೆ ತರಲು ಯುವ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಯಂತ್ರದ ನಕ್ಷೆ ಮಾಡಿಕೊಟ್ಟರು. ಕಾಗದಕ್ಕೆ ಹಿತವಾಯಿತು, ಆಮೇಲೆ ನಮಗೂ ಹಿತವಾಯಿತು!

ಈಗ ಒಂದು ಜೀವಂತ ಸೆನ್ಸರ್. ಜೀರುಂಡೆ! ಅಮೆರಿಕದ ಭೌತವಿಜ್ಞಾನಿ ಏಮಸ್ ಡಾಲ್ಬೇರ್ 1897ರಲ್ಲಿ ಒಂದು ಲೇಖನ ಬರೆದರು. ಜೀರುಂಡೆ ಎಷ್ಟು ಬೇಗ ಬೇಗ ಚಿರ್ ಅನ್ನುತ್ತದೋ ಅದರಿಂದಲೇ ಹವೆ ಎಷ್ಟು ಬಿಸಿ ಅಂತ ಹೇಳಬಹುದಂತೆ! ಅಮೆರಿಕದ ಮರಗಳಲ್ಲಿರುವ ಒಂದು ಜಾತಿಯ ಜೀರುಂಡೆಗೆ ಸುಲಭದ ಲೆಕ್ಕ ಇದು: 8 ಸೆಕೆಂಡಿನಲ್ಲಿ ಎಷ್ಟು ಸಲ ಚಿರ್ ಅಂದಿತು ಅಂತ ಎಣಿಸಿ, ಅದಕ್ಕೆ 5 ಕೂಡಿಸಿ. ಸುಮಾರಾಗಿ ಅಷ್ಟೇ ಸೆಲ್ಸಿಯಸ್! ಅಳೆಯುವುದೂ ಅದೇ, ವೈರಿಲ್ಲದೆ ಸುದ್ದಿ ಕಳಿಸುವುದೂ ಅದೇ. ಇನ್ನೂ ಚೆಂದದ ವಿಷಯ ಅಂದರೆ, ಇದೇ ಡಾಲ್ಬೇರ್ 1886ರಲ್ಲಿ ವೈರ್‌ಲೆಸ್ ಟೆಲಿಗ್ರಾಫಿಗೂ ಪೇಟೆಂಟ್ ಪಡೆದಿದ್ದರು!

ನಿಮ್ಮ ತಲೆಗೂದಲೂ ಒಂದು ಸೆನ್ಸರ್. ಹೌದು ರೀ! ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣ ಹವೆಯಲ್ಲಿ ಗಿಡ್ಡವಾಗುತ್ತದೆ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟು. ಜಿನೀವಾದ ವಿಜ್ಞಾನಿ ಸೊಸ್ಸೂರ್ 1783ರಲ್ಲೇ ಮನುಷ್ಯರ ಕೂದಲಿನಿಂದ ತೇವಮಾಪಕ ಮಾಡಿ ತೋರಿಸಿದರು. ಈಗಿನ ಸೆನ್ಸರ್‌ಗಳಲ್ಲಿ ಕೂದಲಿನ ಜಾಗಕ್ಕೆ ತೇವ ಹೀರುವ ಪ್ಲಾಸ್ಟಿಕ್ಕಿನ ತೆಳು ಪದರ ಬಂದಿದೆ, ಅಷ್ಟೇ!

ಬ್ಯಾಟರಿಯೂ ಇಲ್ಲ, ವೈರೂ ಇಲ್ಲ, ಆದರೂ ಮಾತು ಕದ್ದು ಕೇಳುತ್ತದೆ. ಸಾಧ್ಯವೇ? ರಷ್ಯನ್ನರು 1945ರಲ್ಲೇ ಮಾಡಿ ತೋರಿಸಿದರು! ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಸೋವಿಯತ್ ಶಾಲಾ ಮಕ್ಕಳು ಮರದಲ್ಲಿ ಕೆತ್ತಿದ ಅಮೆರಿಕದ ರಾಷ್ಟ್ರಲಾಂಛನ ಉಡುಗೊರೆ ಕೊಟ್ಟರು. ರಾಯಭಾರಿ ಪ್ರೀತಿಯಿಂದ ಮನೆಯ ಗೋಡೆಗೆ ತೂಗುಹಾಕಿದರು. ಒಳಗಿತ್ತು ಒಂದು ಪುಟ್ಟ ಲೋಹದ ಡಬ್ಬಿ, ಮೇಲೆ ತೆಳು ಪೊರೆ, ಪಕ್ಕದಲ್ಲಿ ಒಂದು ಆಂಟೆನಾ. ಹೊರಗಿನಿಂದ ಯಾರೋ ರೇಡಿಯೋ ಅಲೆ ಬಿಟ್ಟರೆ ಮಾತ್ರ ಅದಕ್ಕೆ ಜೀವ. ಕೋಣೆಯ ಮಾತಿಗೆ ಪೊರೆ ನಡುಗುತ್ತಿತ್ತು, ಆ ನಡುಕ ಹೊತ್ತ ಅಲೆ ವಾಪಸು ಹೋಗುತ್ತಿತ್ತು. ಪತ್ತೆಯಾದದ್ದು 1952ರಲ್ಲಿ. ಏಳು ವರ್ಷ! ಮಾಡಿದವರು ಲಿಯಾನ್ ಥೆರೆಮಿನ್. ಮುಟ್ಟದೆಯೇ ನುಡಿಸುವ ಥೆರೆಮಿನ್ ವಾದ್ಯವನ್ನು ಕಂಡುಹಿಡಿದವರೂ ಅವರೇ!

ಅದೇ ಉಪಾಯ ಈಗ ಒಳ್ಳೆಯ ಕೆಲಸಕ್ಕೆ ಬಂದಿದೆ. 2013ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಎರಡು ಬ್ಯಾಟರಿಯಿಲ್ಲದ ಸಾಧನಗಳನ್ನು ಮಾತಾಡಿಸಿತು. ಶಕ್ತಿ ಎಲ್ಲಿಂದ? ಗಾಳಿಯಲ್ಲಿ ಹೇಗೂ ಹರಿದಾಡುತ್ತಿದ್ದ ಟಿವಿ ಪ್ರಸಾರದ ಅಲೆಗಳಿಂದ! ಅದೇ ಅಲೆಯಿಂದ ಚೂರು ಕರೆಂಟು ಹೀರಿ, ಅದೇ ಅಲೆಯನ್ನು ಒಮ್ಮೆ ಮರಳಿಸಿ ಒಮ್ಮೆ ಬಿಟ್ಟು ಸಂದೇಶ ಕಳಿಸುತ್ತವೆ. ಆ ತಂಡದ ಮುಂದಾಳುಗಳಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ಶ್ಯಾಮ್ ಗೊಲ್ಲಕೋಟ!

ಬೆರಳಿನ ಒತ್ತಡದಿಂದಲೇ ಕರೆಂಟು ಹುಟ್ಟಿಸುವ ಸ್ವಿಚ್ಚು ನೋಡಿದ್ದೀರಾ? ಜರ್ಮನಿಯ ಎನೋಶನ್ ಎಂಬ ಕಂಪನಿ ಇದಕ್ಕೇ ಹೆಸರುವಾಸಿ. 2001ರಲ್ಲಿ ಸೀಮೆನ್ಸ್‌ನಿಂದ ಕವಲೊಡೆದು ಬಂದದ್ದು. ಗೋಡೆ ಕೊರೆಯಬೇಕಿಲ್ಲ, ವೈರು ಎಳೆಯಬೇಕಿಲ್ಲ, ಸೆಲ್ಲು ಹಾಕಬೇಕಿಲ್ಲ. ನೀವು ಟಕ್ ಅಂತ ಒತ್ತಿದಾಗ ಒಳಗಿನ ಅಯಸ್ಕಾಂತ ಸರಿದು ಚೂರೇ ಚೂರು ವಿದ್ಯುತ್ ಹುಟ್ಟುತ್ತದೆ. ಅಷ್ಟರಲ್ಲೇ ಸುಮಾರು ಒಂದು ಮಿಲಿಸೆಕೆಂಡಿನ ಸಂದೇಶ, ಅದೂ ತಪ್ಪಿಹೋಗದಿರಲಿ ಅಂತ ಮೂರು ಸಲ! ಕಿಟಕಿ ಹಿಡಿಯಲ್ಲೂ ಇದೇ ತಂತ್ರ ಇದೆ. ಹಿಡಿ ತಿರುಗಿಸಿದರೆ ಸಾಕು, ‘ಕಿಟಕಿ ತೆರೆಯಿತು’ ಎಂಬ ಸುದ್ದಿ ಹೋಗಿ ಹೀಟರ್ ಆಫ್!

ಸೆಲ್ಲು ಇರುವ ಸೆನ್ಸರ್‌ಗಳದು ಇನ್ನೊಂದು ಕತೆ. ಇವು ಕುಂಭಕರ್ಣನ ವಂಶದವು. ದಿನದ ಬಹುಪಾಲು ನಿದ್ದೆ! ನಿಮಿಷಕ್ಕೋ ಹತ್ತು ನಿಮಿಷಕ್ಕೋ ಒಮ್ಮೆ ಕಣ್ಣುಬಿಟ್ಟು, ಅಳೆದು, ಸುದ್ದಿ ಕಳಿಸಿ ಮತ್ತೆ ಮಲಗುತ್ತವೆ. ಎಚ್ಚರ ಇರುವುದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ.

ಹಾಗೆ ಮಲಗದಿದ್ದರೆ ಏನಾಗುತ್ತೆ? ಲೆಕ್ಕ ಹಾಕಿ ನೋಡಿ. ಕಾರಿನ ಕೀಯಲ್ಲಿರುವ ನಾಣ್ಯದ ಆಕಾರದ ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪ್-ಗಂಟೆ ಶಕ್ತಿ. ರೇಡಿಯೋ ಸದಾ ಆನ್ ಇದ್ದು 10 ಮಿಲಿಆಂಪ್ ಎಳೆದರೆ 22 ಗಂಟೆಯಲ್ಲಿ ಸೆಲ್ಲು ಖಾಲಿ. ಒಂದು ದಿನವೂ ಬಾಳದು! ಮಲಗಿ ಒಂದೇ ಮೈಕ್ರೋಆಂಪ್ ಎಳೆದರೆ? ಲೆಕ್ಕದ ಪ್ರಕಾರ 25 ವರ್ಷ! ಅಷ್ಟರೊಳಗೆ ಸೆಲ್ಲೇ ಮುಪ್ಪಾಗಿರುತ್ತದೆ.

ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದಕ್ಕೇ ಹೆಚ್ಚು ದಣಿವು! ನಂಬಲಿಕ್ಕಾಗುತ್ತಿಲ್ಲವೇ? ವರ್ಷಗಟ್ಟಲೆ ಈ ಸೆನ್ಸರ್‌ಗಳಲ್ಲಿ ಮೆರೆದ ಸಿಸಿ2420 ಎಂಬ ರೇಡಿಯೋ ಚಿಪ್ಪನ್ನೇ ತಗೊಳ್ಳಿ. ಸಂದೇಶ ಕಳಿಸುವಾಗ ಅದಕ್ಕೆ ಬೇಕಾದದ್ದು 17.4 ಮಿಲಿಆಂಪ್. ಕಿವಿಗೊಟ್ಟು ಕೂತಾಗ 18.8! ಯಾರಾದರೂ ಕರೆಯಬಹುದು ಅಂತ ಸುಮ್ಮನೆ ಕಾಯುವುದೇ ದುಬಾರಿ ಕೆಲಸ. ಅದಕ್ಕೇ ಎಂಜಿನಿಯರುಗಳು ಯಾರು ಯಾವ ಗಳಿಗೆಯಲ್ಲಿ ಏಳಬೇಕು ಅಂತ ಮೊದಲೇ ಸಮಯ ಗೊತ್ತುಮಾಡಿ ಇಡುತ್ತಾರೆ.

ಇವುಗಳ ಒಂದು ಸಂದೇಶ ಎಷ್ಟು ಚಿಕ್ಕದು ಗೊತ್ತೇ? ಕಟ್ಟಡಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಹೆಚ್ಚೆಂದರೆ 127 ಬೈಟ್. ಕಂಪ್ಯೂಟರಿನಲ್ಲಿ ಒಂದು ಕನ್ನಡ ಅಕ್ಷರಕ್ಕೆ ಸಾಮಾನ್ಯವಾಗಿ 3 ಬೈಟ್, ಕೊಂಬು, ಇಳಿ ಸೇರಿದರೆ ಇನ್ನೂ 3. ಅಂದರೆ ವಿಳಾಸ ಗಿಳಾಸ ಏನೂ ಇಲ್ಲದೆ ತುಂಬಿದರೂ 42 ಚಿಹ್ನೆಗೆ ಮುಗಿಯಿತು! ಒಂದು ಗಾದೆಮಾತೂ ಹಿಡಿಸುವುದು ಕಷ್ಟ. ಆದರೆ ಕೋಣೆಯ ಬಿಸಿ ಹೇಳಲು ಎರಡೇ ಬೈಟ್ ಸಾಕು.

ದೂರಕ್ಕೆ ಸುದ್ದಿ ಹೋಗಬೇಕೇ? ಒಂದು ಸೆನ್ಸರ್ ಪಕ್ಕದ ಸೆನ್ಸರ್‌ಗೆ ಹೇಳುತ್ತದೆ, ಅದು ಅದರ ಪಕ್ಕದ್ದಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೆ ಬರ್ಕ್ಲಿ ವಿಶ್ವವಿದ್ಯಾಲಯದವರು 64 ವೈರ್‌ಲೆಸ್ ಸೆನ್ಸರ್ ಕಟ್ಟಿ ಅದರ ನಡುಕ ಅಳೆದರು. ತುದಿಯ ಸೆನ್ಸರ್‌ನ ಸುದ್ದಿ ಈ ಕೊನೆ ತಲುಪುವಾಗ ಎಷ್ಟು ಕೈ ದಾಟಿತ್ತು ಗೊತ್ತೇ? 46!

ಹಳೆಯ ಗೋಪುರಗಳಿಗಂತೂ ಇದು ವರವೇ ಸರಿ. ಇಟಲಿಯ ಟ್ರೆಂಟೋ ನಗರದಲ್ಲಿ ತೊರೆ ಆಕ್ವಿಲಾ ಎಂಬ 31 ಮೀಟರ್ ಎತ್ತರದ ಗೋಪುರವಿದೆ. ಒಳಗೋಡೆಗಳ ಮೇಲೆ ವರ್ಷದ ತಿಂಗಳುಗಳನ್ನು ಬಿಡಿಸಿದ ಆರು ಶತಮಾನ ಹಳೆಯ ಚಿತ್ರಗಳು. ಅಲ್ಲಿ ವೈರು ಎಳೆಯಲು ಗೋಡೆ ಕೊರೆಯುವುದುಂಟೇ! 16 ವೈರ್‌ಲೆಸ್ ಸೆನ್ಸರ್ ಇಟ್ಟು ನಡುಕ, ಬಿಸಿ, ಬಿರುಕಿನ ಸೂಚನೆ ಎಲ್ಲ ಅಳೆದರು. ನಮ್ಮ ಹಳೆಯ ಗುಡಿಗೋಪುರಗಳಿಗೂ ಇಂಥದ್ದೇ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಕ್ಕಿಯ ಮನೆಗೂ ಸೆನ್ಸರ್ ಹಾಕಿದ್ದಾರೆ! 2002ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಕರಾವಳಿಯ ಗ್ರೇಟ್ ಡಕ್ ದ್ವೀಪದಲ್ಲಿ 32 ವೈರ್‌ಲೆಸ್ ಸೆನ್ಸರ್‌ಗಳನ್ನು ಇಟ್ಟರು. ಅಲ್ಲಿನ ಪೆಟ್ರೆಲ್ ಎಂಬ ಕಡಲಹಕ್ಕಿ ಮಣ್ಣಿನ ಬಿಲದಲ್ಲಿ ಮೊಟ್ಟೆ ಇಡುತ್ತದೆ. ಮನುಷ್ಯರು ಹತ್ತಿರ ಹೋಗಿ ಕಾಟ ಕೊಟ್ಟರೆ ಗೂಡು ಬಿಟ್ಟೇ ಹೋಗಬಹುದು. ಸೆನ್ಸರ್ ಸದ್ದಿಲ್ಲದೆ ಒಳಗಿನ ಬಿಸಿ, ತೇವ ಅಳೆದು, ಹಕ್ಕಿ ಮನೆಯಲ್ಲಿದೆಯೋ ಇಲ್ಲವೋ ಅಂತಲೂ ಹೇಳಿತು!

ಈಗ ಛಾವಣಿಯಲ್ಲಿರುವ ಆ ಬಿಳಿ ಗುಬುಟಿನ ವಿಷಯ. ನೀವು ಬಾತ್‌ರೂಮಿಗೆ ಹೋದೊಡನೆ ದೀಪ ಹತ್ತಿಸುತ್ತದಲ್ಲ, ಅದೇ. ನಮ್ಮ ಮೈಯಿಂದ ಸದಾ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೊಮ್ಮುತ್ತಿರುತ್ತದೆ. ಅದು ನೋಡುವುದು ಆ ಬೆಳಕನ್ನು. ಅದರಲ್ಲೂ ಬೆಳಕು ಬದಲಾದಾಗ ಮಾತ್ರ! ಅಲುಗಾಡದೆ ಕೂತರೆ ನೀವು ಅದರ ಪಾಲಿಗೆ ಇಲ್ಲವೇ ಇಲ್ಲ. ಮೀಟಿಂಗ್ ನಡುವೆ ದೀಪ ಆರಿ, ಎಲ್ಲರೂ ಕೈ ಬೀಸುವುದು ಅದಕ್ಕೇ!

ಅದರ ಮೇಲಿನ ಗೀರುಗೀರಾದ ಪ್ಲಾಸ್ಟಿಕ್ ಮುಚ್ಚಳವಿದೆಯಲ್ಲ, ಅದು ಮುಚ್ಚಳವಷ್ಟೇ ಅಲ್ಲ, ಮಸೂರ. ಅದರ ಮೂಲ ವಿನ್ಯಾಸ ಬಂದದ್ದು ಸಮುದ್ರದ ದೀಪಸ್ತಂಭಗಳಿಂದ! ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಹಡಗುಗಳಿಗೆ ದಾರಿ ತೋರಿಸಲು ಮಾಡಿದ ಮಸೂರ ಇಂದು ನಮ್ಮ ಬಾತ್‌ರೂಮಿನಲ್ಲಿ!

ಇನ್ನೊಂದು ವಿಚಿತ್ರ. ಸೆಕೆ ಏರಿದಂತೆ ಈ ಸೆನ್ಸರ್‌ನ ಕಣ್ಣು ಮಂಜಾಗುತ್ತದೆ. ನಮ್ಮ ಚರ್ಮದ ಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ವ್ಯತ್ಯಾಸ ಇದ್ದರೆ ತಾನೇ ಅದಕ್ಕೆ ಕಾಣುವುದು? ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ನೆನಪಿಸಿಕೊಳ್ಳಿ. ಎಸಿ ಇಲ್ಲದ ಕೋಣೆಯ ಗೋಡೆಯೇ ಮೈಯಷ್ಟು ಬಿಸಿ. ಆಗ ಎದುರಿಗೇ ಓಡಾಡಿದರೂ ಅದಕ್ಕೆ ಗೊತ್ತಾಗುವುದು ಕಷ್ಟ! ಗೋಡೆಯ ಮೇಲಿನ ಹಲ್ಲಿ ಇದರ ಕಣ್ಣಿಗೆ ಅಷ್ಟಾಗಿ ಬೀಳದಿರುವುದೂ ಇದೇ ಕಾರಣಕ್ಕೆ. ಹಲ್ಲಿಯ ಮೈಬಿಸಿ ಹೆಚ್ಚೂಕಡಿಮೆ ಗೋಡೆಯದ್ದೇ! ಕಿಟಕಿಯ ಗಾಜಿನಾಚೆ ನಿಂತರೂ ನೀವು ಮಾಯ. ಆ ಬೆಳಕನ್ನು ಗಾಜು ಒಳಗೆ ಬಿಡುವುದಿಲ್ಲ.

ಅಲುಗಾಡದೆ ಕೂತವರನ್ನೂ ಪತ್ತೆ ಮಾಡುವ ಸೆನ್ಸರ್ ಈಗ ಬಂದಿದೆ. ಅದು 60 ಗಿಗಾಹರ್ಟ್ಸ್‌ನ ಪುಟ್ಟ ರೇಡಾರ್. ಉಸಿರಾಡುವಾಗ ಎದೆ ಉಬ್ಬಿ ಇಳಿಯುತ್ತದಲ್ಲ, ಆ ಕೆಲವೇ ಮಿಲಿಮೀಟರ್ ಸಾಕು ಅದಕ್ಕೆ! ಈ ಅಲೆಯ ಉದ್ದ 5 ಮಿಲಿಮೀಟರ್. ಇಂಥ ಪುಟಾಣಿ ಅಲೆಗಳನ್ನು 1890ರ ದಶಕದಲ್ಲೇ ಹುಟ್ಟಿಸಿ ಆಡಿಸಿದವರು ಯಾರು ಗೊತ್ತೇ? ನಮ್ಮ ಜಗದೀಶಚಂದ್ರ ಬೋಸ್! 1895ರಲ್ಲಿ ಕಲ್ಕತ್ತದಲ್ಲಿ ಜನರೆದುರು ಗೋಡೆಯಾಚೆಯಿಂದ ರೇಡಿಯೋ ಅಲೆ ಕಳಿಸಿ ಗಂಟೆ ಬಾರಿಸಿ, ಮದ್ದುಪುಡಿ ಸಿಡಿಸಿ ತೋರಿಸಿದ್ದರು. ಇದನ್ನು ಓದಿದಾಗೆಲ್ಲ ನನಗೆ ಹೆಮ್ಮೆ ಉಕ್ಕುತ್ತದೆ.

ಈ 60 ಗಿಗಾಹರ್ಟ್ಸ್ ಅಲೆಯನ್ನು ಗಾಳಿಯಲ್ಲಿರುವ ಆಮ್ಲಜನಕವೇ ನುಂಗುತ್ತದೆ! ಹಾಗಾಗಿ ಅದು ಬಹುದೂರ ಹೋಗುವುದಿಲ್ಲ. ಅಕ್ಕಪಕ್ಕದ ಆಫೀಸುಗಳ ರೇಡಾರ್‌ಗಳು ಒಂದಕ್ಕೊಂದು ತೊಂದರೆ ಕೊಡದಿರಲು ಇದೂ ಅನುಕೂಲ.

ಮೈಮೇಲೆ ಏನೂ ಕಟ್ಟಿಕೊಳ್ಳದೆ, ಬರೀ ರೇಡಿಯೋ ಅಲೆಯಿಂದ ಎದೆಬಡಿತ ಎಣಿಸಬಹುದು ಅಂದರೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೀನಾ ಕಟಾಬಿಯವರ ತಂಡ ಮಾಡಿ ತೋರಿಸಿದೆ. ಇನ್ನು ಯೂಟಾ ವಿಶ್ವವಿದ್ಯಾಲಯದವರು ಮನೆಯೊಂದರ ಸುತ್ತ 34 ಪುಟ್ಟ ರೇಡಿಯೋಗಳನ್ನಿಟ್ಟು ಗೋಡೆಯಾಚೆ ಓಡಾಡುತ್ತಿದ್ದವರ ಜಾಡು ಹಿಡಿದರು. ನಮ್ಮ ಮೈಯಲ್ಲಿರುವುದು ಬಹುಪಾಲು ನೀರು. ಅದು ಅಲೆಯನ್ನು ತಡೆಯುತ್ತದೆ. ತಡೆದ ಜಾಗವೇ ನಾವಿರುವ ಜಾಗ!

ಅದೇ ಕಾರಣಕ್ಕೆ ಒಂದು ಪೇಚೂ ಇದೆ. ಖಾಲಿ ಕಟ್ಟಡದಲ್ಲಿ ಚೆನ್ನಾಗಿ ಕೆಲಸ ಮಾಡಿದ ಸೆನ್ಸರ್ ಜಾಲ, ಜನ ತುಂಬಿದ ದಿನ ತಡವರಿಸಬಹುದು. ನಡುವೆ ದೊಡ್ಡ ಮೀನಿನ ತೊಟ್ಟಿ ಇಟ್ಟರೂ ಸಿಗ್ನಲ್ ಸೊರಗುತ್ತದೆ. ಕಬ್ಬಿಣದ ಬೀರುವಿನ ಹಿಂದೆ ಇಟ್ಟರಂತೂ ಕೇಳುವುದೇ ಬೇಡ!

ಲೋಹ ರೇಡಿಯೋ ಅಲೆಗೆ ಎಷ್ಟು ಕಾಟ ಕೊಡುತ್ತದೆ ಎನ್ನುವುದಕ್ಕೆ ಬೆಂಗಳೂರಿನದೇ ಒಂದು ಪ್ರಸಿದ್ಧ ಚಿತ್ರವಿದೆ. 1981ರಲ್ಲಿ ಇಸ್ರೋ ತನ್ನ ಆ್ಯಪಲ್ ಉಪಗ್ರಹವನ್ನು ಎತ್ತಿನಗಾಡಿಯ ಮೇಲೆ ಕೂರಿಸಿತ್ತು! ಬಡತನಕ್ಕೆ ಹಾಗೆ ಮಾಡಿದರು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಸಲು ಕಾರಣವೇ ಬೇರೆ. ಆಂಟೆನಾ ಪರೀಕ್ಷೆಗೆ ಸುತ್ತಮುತ್ತ ಲೋಹ ಇರಬಾರದಿತ್ತು. ಮರದ ಗಾಡಿಗಿಂತ ಒಳ್ಳೆಯದು ಇನ್ಯಾವುದು ಸಿಕ್ಕೀತು!

ಅಡುಗೆಮನೆಯ ಮೈಕ್ರೋವೇವ್ ಒಲೆಯೂ, ವೈಫೈಯೂ, ಎಷ್ಟೋ ಸೆನ್ಸರ್‌ಗಳೂ ಇರುವುದು ಒಂದೇ ಓಣಿಯಲ್ಲಿ, 2.4 ಗಿಗಾಹರ್ಟ್ಸ್ ಸುತ್ತ. ಒಲೆ ಆನ್ ಆದರೆ ಸೆನ್ಸರ್ ಮಾತಿಗೆ ಗದ್ದಲ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದ ವಿಜ್ಞಾನಿಗಳಿಗೆ ವರ್ಷಗಳ ಕಾಲ ಒಂದು ನಿಗೂಢ ಸಿಗ್ನಲ್ ಕಾಡಿತ್ತು. 2015ರಲ್ಲಿ ಮೂಲ ಸಿಕ್ಕಿತು. ಅಲ್ಲಿನ ಸಿಬ್ಬಂದಿ ತಾಳ್ಮೆಯಿಲ್ಲದೆ, ನಿಲ್ಲುವ ಮುಂಚೆಯೇ ಬಾಗಿಲು ತೆಗೆಯುತ್ತಿದ್ದ ಮೈಕ್ರೋವೇವ್ ಒಲೆ!

ಇಂಥ ಗದ್ದಲದಿಂದ ತಪ್ಪಿಸಿಕೊಳ್ಳುವ ಉಪಾಯ ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುವುದು. 1942ರಲ್ಲಿ ಇದಕ್ಕೆ ಪೇಟೆಂಟ್ ಪಡೆದವರಲ್ಲಿ ಒಬ್ಬರು ಹಾಲಿವುಡ್ಡಿನ ತಾರೆ ಹೆಡಿ ಲಮಾರ್! ಜೊತೆಗಿದ್ದವರು ಸಂಗೀತಗಾರ ಜಾರ್ಜ್ ಆಂಥೈಲ್. ಅವರು ಸೂಚಿಸಿದ ಚಾನೆಲ್‌ಗಳು 88. ಪಿಯಾನೋದ ಮನೆಗಳೂ ಅಷ್ಟೇ!

ಗದ್ದಲಕ್ಕಿಂತ ಮೆಲ್ಲಗೆ ಮಾತಾಡಿದರೂ ಕೇಳಿಸುವ ರೇಡಿಯೋ ಇದೆ. ಹೆಸರು ಲೋರಾ, ಹುಟ್ಟೂರು ಫ್ರಾನ್ಸಿನ ಗ್ರೆನೋಬಲ್. ಸುತ್ತಲಿನ ಗದ್ದಲಕ್ಕಿಂತ ಅದರ ಸಿಗ್ನಲ್ ನೂರು ಪಟ್ಟು ಕ್ಷೀಣವಾಗಿದ್ದರೂ ಹೆಕ್ಕಿ ತೆಗೆಯುತ್ತದೆ! ನೆಲಮಾಳಿಗೆಯಲ್ಲಿ ಹುದುಗಿದ ಮೀಟರನ್ನೂ ಹೊರಗಿಂದಲೇ ಓದಬಹುದು. 2017ರಲ್ಲಿ ಬಲೂನಿನಲ್ಲಿ ಕಟ್ಟಿ ಹಾರಿಸಿದಾಗ ಅದರ ದನಿ 702 ಕಿಲೋಮೀಟರ್ ಆಚೆ ಕೇಳಿಸಿತು. ಆಮೇಲೆ ಆ ದಾಖಲೆಯೂ ಮುರಿಯಿತು!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ತನ್ನ ಕ್ಯಾಂಪಸ್ಸಿನ ನೀರಿನ ಟ್ಯಾಂಕುಗಳಿಗೆ ವೈರ್‌ಲೆಸ್ ಸೆನ್ಸರ್ ಹಾಕಿ ಪ್ರಯೋಗ ಮಾಡಿದೆ. ಸೆನ್ಸರ್ ನಮಗೆ ಕೇಳಿಸದ ಸದ್ದನ್ನು ಮೇಲಿನಿಂದ ನೀರಿಗೆ ಬಿಡುತ್ತದೆ. ಪ್ರತಿಧ್ವನಿ ಬರಲು ಎಷ್ಟು ಹೊತ್ತಾಯಿತು ಅಂತ ನೋಡುತ್ತದೆ. ಒಂದು ಮೀಟರ್ ಕೆಳಗೆ ನೀರಿದ್ದರೆ ಸುಮಾರು 6 ಮಿಲಿಸೆಕೆಂಡ್. ಏಣಿ ಹತ್ತಿ ಇಣುಕುವ ಕೆಲಸವೇ ಇಲ್ಲ!

ಆದರೆ ಇಲ್ಲೊಂದು ಸ್ವಾರಸ್ಯ. ಬಿಸಿಲಿಗೆ ಟ್ಯಾಂಕಿನ ಗಾಳಿ ಕಾದರೆ ಸದ್ದು ಜೋರಾಗಿ ಓಡುತ್ತದೆ. ಒಂದು ಡಿಗ್ರಿ ಏರಿದರೆ ಸೆಕೆಂಡಿಗೆ 60 ಸೆಂಟಿಮೀಟರ್ ಹೆಚ್ಚು ವೇಗ. ಮುಂಜಾನೆಗೂ ಮಧ್ಯಾಹ್ನಕ್ಕೂ 20 ಡಿಗ್ರಿ ವ್ಯತ್ಯಾಸ ಇದ್ದರೆ ಎರಡು ಮೀಟರಿನ ಅಳತೆಯಲ್ಲಿ 7 ಸೆಂಟಿಮೀಟರ್ ತಪ್ಪು ಬರುತ್ತದೆ! ಅದನ್ನು ಸರಿಮಾಡಬೇಕಾದರೆ ನೀರು ಅಳೆಯುವ ಸೆನ್ಸರ್‌ಗೆ ಸೆಕೆ ಅಳೆಯುವ ಇನ್ನೊಂದು ಸೆನ್ಸರ್ ಜೊತೆಯಾಗಬೇಕು. ಮನೆಯ ಸಂಪಿಗೂ ಟ್ಯಾಂಕಿಗೂ ಸೆನ್ಸರ್ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಿ.

ಗೋಡೆಗೆ ಮೂಗಿದೆ ಅಂದೆನಲ್ಲ, ಅದು ಕಾರ್ಬನ್ ಡೈಆಕ್ಸೈಡ್ ಸೆನ್ಸರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷದಲ್ಲಿ 420 ಪಾಲಿಗಿಂತ ತುಸು ಹೆಚ್ಚು. ನೀವು ಬಿಡುವ ಉಸಿರಿನಲ್ಲಿ? ಸುಮಾರು 40,000 ಪಾಲು! ಬಾಗಿಲು ಮುಚ್ಚಿದ ಕ್ಲಾಸಿನಲ್ಲಿ ಮಕ್ಕಳು ತುಂಬಿದರೆ 1,000, 2,000 ದಾಟುವುದು ಏನೂ ದೊಡ್ಡದಲ್ಲ. ಸೆನ್ಸರ್ ಈ ಏರಿಕೆ ನೋಡಿಯೇ ಒಳಗೆ ಜನ ತುಂಬಿದ್ದಾರೆ ಅಂತ ತಿಳಿದು ಹೊಸ ಗಾಳಿ ಬಿಡಿಸುತ್ತದೆ.

ಈ ಅನಿಲದ ಸದ್ದು ಕೇಳಿಸಿಕೊಳ್ಳುವ ಸೆನ್ಸರೂ ಇದೆ. ನಿಜವಾಗಿಯೂ! ಅವಕೆಂಪು ಬೆಳಕನ್ನು ಮಿಣಮಿಣ ಮಿಟುಕಿಸಿದರೆ ಕಾರ್ಬನ್ ಡೈಆಕ್ಸೈಡ್ ಅದನ್ನು ಹೀರಿ ಕಾಯುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗಿ ಕುಗ್ಗುವುದೇ ಸದ್ದು! ಪಕ್ಕದ ಪುಟ್ಟ ಮೈಕ್ ಅದನ್ನು ಹಿಡಿಯುತ್ತದೆ. ಸದ್ದು ಜೋರಿದ್ದಷ್ಟೂ ಅನಿಲ ಜಾಸ್ತಿ. ಬೆಳಕಿನಿಂದ ಸದ್ದು ಹುಟ್ಟುವ ಈ ಮಾಯೆಯನ್ನು 1880ರಲ್ಲಿ ಕಂಡುಹಿಡಿದವರು ಟೆಲಿಫೋನಿನ ಗ್ರಹಾಂ ಬೆಲ್!

ಜನರ ಉಸಿರಿನ ಕಾಟಕ್ಕೆ ಒಂದು ಗುಹೆಯನ್ನೇ ಮುಚ್ಚಬೇಕಾಯಿತು. ಫ್ರಾನ್ಸಿನ ಲಾಸ್ಕೋ ಗುಹೆಯ ಆದಿಮಾನವರ ಚಿತ್ರಗಳು ಸಾವಿರಾರು ವರ್ಷ ಚೆನ್ನಾಗಿಯೇ ಇದ್ದವು. ಪ್ರವಾಸಿಗರು ಬಂದು ಉಸಿರಾಡತೊಡಗಿದ ಮೇಲೆ ಕೆಡತೊಡಗಿದವು. 1963ರಲ್ಲಿ ಜನರಿಗೆ ಬಾಗಿಲು ಬಂದ್!

ಒಳ್ಳೆಯ ಗಾಳಿ ಇದ್ದರೆ ತಲೆ ಚುರುಕಾಗುತ್ತದೆಯೇ? ಹಾರ್ವರ್ಡ್ ವಿಜ್ಞಾನಿಗಳು 24 ಜನರನ್ನು ಬೇರೆ ಬೇರೆ ಗಾಳಿಯ ಆಫೀಸಿನಲ್ಲಿ ಕೂರಿಸಿ ಪರೀಕ್ಷೆ ಕೊಟ್ಟರು. ಸಾಮಾನ್ಯ ಆಫೀಸಿನ ಗಾಳಿಗೆ ಹೋಲಿಸಿದರೆ ಅತ್ಯುತ್ತಮ ಗಾಳಿಯಲ್ಲಿ ಬಂದ ಅಂಕ ಎರಡು ಪಟ್ಟು! ಚಿಕ್ಕ ಪ್ರಯೋಗವೇ ಇರಬಹುದು. ಆದರೂ ಪರೀಕ್ಷೆಗೆ ಓದುವ ಮಕ್ಕಳ ಕೋಣೆಯ ಕಿಟಕಿ ತೆರೆದಿಡಿ, ನಷ್ಟವಂತೂ ಇಲ್ಲ.

ಆಫೀಸಿನಲ್ಲಿ ಹೆಂಗಸರಿಗೆ ಯಾವಾಗಲೂ ಚಳಿ ಏಕೆ? ಕಾರಣ ಒಂದು ಹಳೆಯ ಲೆಕ್ಕ! 1960ರ ದಶಕದಲ್ಲಿ ಹಿತವಾದ ಬಿಸಿಯ ಸೂತ್ರ ಮಾಡಿದಾಗ ಸುಮಾರು 40 ವರ್ಷದ, 70 ಕಿಲೋ ತೂಕದ ಗಂಡಸಿನ ಮೈ ಎಷ್ಟು ಶಾಖ ಹುಟ್ಟಿಸುತ್ತದೆ ಎಂಬುದನ್ನೇ ಆಧಾರವಾಗಿ ಇಟ್ಟುಕೊಂಡಿದ್ದರು. ಹೆಂಗಸರ ಮೈಶಾಖವನ್ನು ಅದು 35 ಪ್ರತಿಶತದವರೆಗೂ ಹೆಚ್ಚಾಗಿ ಎಣಿಸುತ್ತದೆ ಅಂತ 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿದರು. ಅಕ್ಕತಂಗಿಯರು ಶಾಲು ಹೊದ್ದು ಕೂರುವುದು ಸುಮ್ಮನೆ ಅಲ್ಲ!

ಕೂತ ಜಾಗದಲ್ಲೇ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. 300 ಜನರ ಕಲ್ಯಾಣಮಂಟಪ ಅಂದರೆ 30 ಕಿಲೋವ್ಯಾಟ್! ಸ್ವೀಡನ್ನಿನ ಸ್ಟಾಕ್‌ಹೋಮ್ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಈ ಮೈಬಿಸಿಯನ್ನೇ ಹಿಡಿದು, ನೀರಿಗೆ ದಾಟಿಸಿ, ಪಕ್ಕದ ಆಫೀಸು ಕಟ್ಟಡವನ್ನು ಬೆಚ್ಚಗಿಡಲು ಬಳಸುತ್ತಾರೆ.

ನಮ್ಮ ದೇಶದಲ್ಲಿ 2020ರ ಜನವರಿಯಿಂದ ಹೊಸ ಎಸಿಗಳು ಆನ್ ಆದೊಡನೆ 24 ಡಿಗ್ರಿಯಲ್ಲೇ ನಿಲ್ಲಬೇಕು ಅಂತ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪ್ರತಿಶತ ಕರೆಂಟು ಉಳಿಯುತ್ತದೆ ಎನ್ನುವುದು ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯ ಲೆಕ್ಕ. ಬೆರಳ ತುದಿಯಲ್ಲೇ ಬಿಲ್ಲು ಇಳಿಯಿತು!

ಹೊಗೆಯ ಸೆನ್ಸರ್ ಹುಟ್ಟಿದ್ದು ಒಂದು ಸೋತ ಪ್ರಯೋಗದಿಂದ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆಗೆ ಯಂತ್ರ ಮಾಡಹೊರಟರು. ಅನಿಲ ಬಿಟ್ಟರೂ ಮುಳ್ಳು ಅಲುಗಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದರಂತೆ. ಮುಳ್ಳು ಟಣ್ಣನೆ ಜಿಗಿಯಿತು! ಅದೇ ಬಗೆಯ ಈಗಿನ ಹೊಗೆ ಸೆನ್ಸರ್‌ಗಳ ಒಳಗೆ ಅಮೆರಿಸಿಯಂ ಎಂಬ ವಿಕಿರಣ ವಸ್ತು ಇರುತ್ತದೆ, ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆ.

ಸೆನ್ಸರ್‌ಗಳೇ ನಡೆಸುವ ಕಟ್ಟಡ ನೋಡಬೇಕೇ? ಆಮ್‌ಸ್ಟರ್‌ಡ್ಯಾಮಿನ ‘ದಿ ಎಡ್ಜ್’ ನೋಡಿ. ಸುಮಾರು 28,000 ಸೆನ್ಸರ್! ಅದು ತೆರೆದಾಗ 2,500 ನೌಕರರಿಗೆ ಇದ್ದದ್ದು ಸುಮಾರು 1,000 ಮೇಜು, ಯಾರಿಗೂ ಸ್ವಂತದ್ದಿಲ್ಲ. ಇವತ್ತು ಎಲ್ಲಿ ಕೂರಬೇಕು ಅಂತ ಮೊಬೈಲೇ ಹೇಳುತ್ತದೆ. ನಿಮಗೆ ಎಷ್ಟು ಬೆಳಕು ಇಷ್ಟ, ಎಷ್ಟು ತಂಪು ಇಷ್ಟ ಅಂತ ನೆನಪಿಟ್ಟುಕೊಂಡು ಹೋದಲ್ಲೆಲ್ಲ ಹಾಗೇ ಮಾಡಿಕೊಡುತ್ತದೆ. ದೀಪಗಳಿಗೆ ಕರೆಂಟು ಬರುವುದು ಇಂಟರ್ನೆಟ್ ಕೇಬಲ್ಲಿನಲ್ಲಿ! ಯಾವ ಕೋಣೆ ಬಳಕೆಯಾಯಿತು, ಯಾವುದು ಆಗಲಿಲ್ಲ ಅಂತ ಕಸ ಗುಡಿಸುವವರಿಗೂ ಸುದ್ದಿ ಹೋಗುತ್ತದೆ.

ಸೆನ್ಸರ್ ಇನ್ನೆಷ್ಟು ಚಿಕ್ಕದಾಗಬಹುದು? ಮಿಶಿಗನ್ ವಿಶ್ವವಿದ್ಯಾಲಯದವರು 2018ರಲ್ಲಿ ಬಿಸಿ ಅಳೆಯುವ ಪುಟ್ಟ ಕಂಪ್ಯೂಟರ್ ಮಾಡಿದರು. ಒಂದೊಂದು ಬದಿಯೂ 0.3 ಮಿಲಿಮೀಟರ್. ಪಕ್ಕದಲ್ಲಿಟ್ಟರೆ ಅಕ್ಕಿಕಾಳೇ ಬೆಟ್ಟ! 2022ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಡ್ಯಾಂಡಿಲಿಯನ್ ಗಿಡದ ಬೀಜ ನೋಡಿ 30 ಮಿಲಿಗ್ರಾಂ ತೂಕದ ಸೆನ್ಸರ್ ಮಾಡಿದರು. ಬ್ಯಾಟರಿ ಇಲ್ಲ, ಬಿಸಿಲೇ ಶಕ್ತಿ. ಡ್ರೋನಿನಿಂದ ಉದುರಿಸಿದರೆ ಗಾಳಿಯಲ್ಲಿ ತೇಲಿ 100 ಮೀಟರ್ ದೂರಕ್ಕೂ ಹೋಗುತ್ತದೆ!

ಇಷ್ಟೆಲ್ಲ ಹೇಳಿ ಕಳ್ಳರ ವಿಷಯ ಬಿಟ್ಟರೆ ಹೇಗೆ? 2016ರಲ್ಲಿ ಇಸ್ರೇಲಿನ ಮತ್ತು ಕೆನಡಾದ ಸಂಶೋಧಕರು ಒಂದು ಆಫೀಸು ಕಟ್ಟಡದತ್ತ ಡ್ರೋನ್ ಹಾರಿಸಿದರು. 350 ಮೀಟರ್ ದೂರದಿಂದಲೇ ಒಳಗಿನ ವೈರ್‌ಲೆಸ್ ದೀಪಗಳು ಅವರ ವಶ! ದೀಪಗಳು ಮಿಟುಕಿ ಮಿಟುಕಿ ‘ಕಾಪಾಡಿ’ ಎಂಬ ಮೋರ್ಸ್ ಸಂಕೇತ ಕಳಿಸಿದವು. ಅವರು ಒಳ್ಳೆಯವರು, ದೀಪ ಮಾಡಿದ ಕಂಪನಿಗೆ ಹೇಳಿ ದೋಷ ಸರಿಮಾಡಿಸಿದರು.

ಎಲ್ಲರೂ ಹಾಗಿರುವುದಿಲ್ಲ. 2017ರಲ್ಲಿ ಬಯಲಾದ ಪ್ರಕರಣ ಇದು. ಉತ್ತರ ಅಮೆರಿಕದ ಒಂದು ಕ್ಯಾಸಿನೋದಲ್ಲಿ ಚೆಂದದ ಮೀನಿನ ತೊಟ್ಟಿ. ನೀರಿನ ಬಿಸಿ, ಮೀನಿನ ಊಟ ನೋಡಿಕೊಳ್ಳಲು ಇಂಟರ್ನೆಟ್ಟಿಗೆ ಸೇರಿಸಿದ ಸೆನ್ಸರ್. ಬಾಗಿಲಿಗೆ ಕಾವಲು, ಹಣಕ್ಕೆ ಕಾವಲು, ತೊಟ್ಟಿಗೆ ಯಾರು ಕಾವಲು? ಕಳ್ಳರು ಆ ಸೆನ್ಸರ್ ದಾರಿಯಲ್ಲೇ ನುಗ್ಗಿ 10 ಗಿಗಾಬೈಟ್ ಮಾಹಿತಿಯನ್ನು ಫಿನ್ಲೆಂಡಿನ ಒಂದು ಕಂಪ್ಯೂಟರಿಗೆ ಸಾಗಿಸಿಬಿಟ್ಟರು!

ನಿಮ್ಮ ಮನೆಯಲ್ಲಿ ವೈಫೈ ಬಲ್ಬು, ಟ್ಯಾಂಕಿನ ಸೆನ್ಸರ್, ಕ್ಯಾಮೆರಾ ಏನೇ ಇರಲಿ, ಡಬ್ಬಿಯಲ್ಲಿ ಬಂದ ಪಾಸ್‌ವರ್ಡನ್ನೇ ಇನ್ನೂ ಇಟ್ಟುಕೊಂಡಿದ್ದೀರಾ? ಇವತ್ತೇ ಬದಲಿಸಿ. ಆ್ಯಪ್‌ನಲ್ಲಿ ‘ಅಪ್‌ಡೇಟ್’ ಅಂತ ತೋರಿಸಿದರೆ ಅದನ್ನೂ ಮಾಡಿ ಮುಗಿಸಿ. ಐದು ನಿಮಿಷದ ಕೆಲಸ!